ಒಗ್ಗರಣೆ ಇಲ್ಲದ ಮಧ್ಯಾಹ್ನ

ಬೆಂಗಳೂರಿನಲ್ಲಿರುವ ಮಗ ವಾಟ್ಸಾಪಿನಲ್ಲಿ ಒಂದು ಬಟ್ಟಲಿನ ಫೋಟೋ ಕಳಿಸಿದ. ಶಿಯೋ ರಾಮೆನ್ ಅಂತೆ. ಶಿಯೋ ಅಂದರೆ ಜಪಾನಿಯಲ್ಲಿ ಉಪ್ಪು, ರಾಮೆನ್ ಅಂದರೆ ಸಾರಿನಲ್ಲಿ ಮುಳುಗಿದ ಎಳೆಗಳು. ಬಿಲ್ಲು ಎಷ್ಟಾಯಿತೆಂದು ಕೇಳಿದೆ. ಅಷ್ಟು ದುಡ್ಡಿಗೆ ನಮ್ಮ ಹಳಿಯಾಳದ ಸಂತೆಯಲ್ಲಿ ಚೀಲದ ತುಂಬ ಉಪ್ಪೇ ಬರುತ್ತಿತ್ತು. ಆದರೂ ಬಾಯಿ ಕೇಳಬೇಕಲ್ಲ. ಜಪಾನ್ ದೂರ, ಮುಂಡಗೋಡ ಹತ್ತಿರ. ಕಲಘಟಗಿಯಲ್ಲಿ ಬಸ್ಸು ಬದಲಿಸಿ ಹೊರಟೆ.

1966ರಲ್ಲಿ, ನಿಜಲಿಂಗಪ್ಪನವರು ಮುಖ್ಯಮಂತ್ರಿಯಾಗಿದ್ದಾಗ, ಇಲ್ಲಿ ಟಿಬೆಟಿಯನ್ನರ ವಸತಿ ಶುರುವಾಯಿತು. ಅವರಿಗದು ಡೋಗುಲಿಂಗ್, ನಮಗೆ 'ಟಿಬೆಟ್ ಕ್ಯಾಂಪು'. ಡ್ರೆಪುಂಗ್, ಗಾಂದೆನ್ ಮಠಗಳು ಇಲ್ಲೇ ಮರುಜನ್ಮ ಪಡೆದವು. ಹಿಮದ ನಾಡಿನವರು ನಮ್ಮ ಮಣ್ಣಿನಲ್ಲಿ ಗೋವಿನಜೋಳ ಬೆಳೆದು, ಚಳಿಗಾಲದಲ್ಲಿ ನಮಗೇ ಸ್ವೆಟರ್ ಮಾರುತ್ತಾರೆ.

ಓಣಿಯೊಳಗಿನ ಅಂಗಡಿ, ನಾಲ್ಕು ಮೇಜು, ಮೂಲೆಯಲ್ಲಿ ಮೊಬೈಲಿನಲ್ಲಿ ಕ್ರಿಕೆಟ್ ನೋಡುವ ಒಬ್ಬ ಎಳೆಯ ಸನ್ಯಾಸಿ. ನನ್ನ ಮುರುಕು ಹಿಂದಿಯಲ್ಲಿ, ಮಾಂಸ ಹಾಕದ ತುಕ್ಪಾ ಹೇಳಿದೆ. ಉದ್ದನೆಯ ಎಳೆಗಳು, ಸೊಪ್ಪು, ಶುಂಠಿ, ತಿಳಿ ಸಾರು. ಮೊದಲ ಗುಟುಕು. ಉಪ್ಪು ಬಂತು. ಬಸ್ ಸ್ಟ್ಯಾಂಡಿನಲ್ಲಿ ನೆಂಟರಿಗೆ ಕಾಯುವವರ ಹಾಗೆ ನನ್ನ ನಾಲಿಗೆ ಹುಣಿಸೆಗೆ, ಸಾಸಿವೆಗೆ, ಕರಿಬೇವಿಗೆ ಕಾಯಿತು. ಯಾರೂ ಇಳಿಯಲಿಲ್ಲ. ಉಪ್ಪಿಗಿಂತ ರುಚಿಯಿಲ್ಲ ಅಂದವರು ಪಕ್ಕದಲ್ಲಿ ಹುಣಿಸೆಹಣ್ಣು ಇಟ್ಟುಕೊಂಡೇ ಅಂದಿರಬೇಕು.

ಮೇಜಿನ ಮೇಲೊಂದು ಕೆಂಪು ಚಟ್ನಿಯಿತ್ತು. ಬಣ್ಣ ನೋಡಿ ಬ್ಯಾಡಗಿ ಮೆಣಸಿನಕಾಯಿ ಎಂದುಕೊಂಡು ಒಂದು ಚಮಚ ಧಾರಾಳವಾಗಿ ಸುರಿದೆ. ಬ್ಯಾಡಗಿ ಬಣ್ಣಕ್ಕೆ ಹೆಸರು. ಇದು ಬೇರೆ ಕೆಲಸಕ್ಕೆ ಹೆಸರು ಮಾಡಿದ್ದು. ಎಳೆಗಳನ್ನು ಸೊರ್ ಎಂದು ಎಳೆದೆ, ಮೂಗನ್ನೂ ಸೊರ್ ಎಂದು ಎಳೆದೆ. ಯಾವ ಸದ್ದು ಯಾವುದೆಂದು ಸನ್ಯಾಸಿಗೂ ತಿಳಿಯಲಿಲ್ಲ.

ಉರಿ ಆರಲೆಂದು ಚಹಾ ಕೇಳಿದೆ. ಅದೂ ಉಪ್ಪು! ಸಕ್ಕರೆ ಡಬ್ಬಿ ಅದಲುಬದಲಾಗಿದೆ ಎಂದು ಅಂಗಡಿಯ ಹೆಂಗಸಿಗೆ ಹಿಂದಿಯಲ್ಲಿ ಮೆಲ್ಲಗೆ ಸೂಚಿಸಿದೆ, ಯಾರಿಗೂ ಅವಮಾನವಾಗದಂತೆ.

"ಇಲ್ಲರೀ ಅಣ್ಣಾರ, ಇದು ಬೆಣ್ಣಿ ಚಾ. ಹಿಂಗ ಇರ್ತೈತಿ. ಚಾ ಅಂತ ಕುಡೀಬ್ಯಾಡ್ರಿ, ಸಾರಂತ ಕುಡೀರಿ."

ನನ್ನ ಹಿಂದಿಯನ್ನು ಅಷ್ಟು ಹೊತ್ತು ಯಾಕೆ ಸಹಿಸಿಕೊಂಡರೋ! ಸಾರೆಂದು ಕುಡಿದೆ. ಆಶ್ಚರ್ಯವೆಂದರೆ, ಇಳಿಯಿತು. ಅವರ ಹಿರಿಯರು ಬಡಗಣ ಸರೋವರಗಳ ಉಪ್ಪನ್ನು ಯಾಕ್ ಮೇಲೆ ಹೇರಿ ತರುತ್ತಿದ್ದರು. ನಮ್ಮ ಜಿಲ್ಲೆಯವರು 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿಗಾಗಿಯೇ ಸತ್ಯಾಗ್ರಹ ಮಾಡಿದರು. ನಾನು ಒಂದು ಕಪ್ಪಿಗೆ ಇಷ್ಟು ಗಲಾಟೆ ಮಾಡಿದ್ದೆ.

ಹೆಂಡತಿಗೆಂದು ಒಂದು ತುಕ್ಪಾ ಕಟ್ಟಿಸಿಕೊಂಡೆ. ಹಳಿಯಾಳ ಮುಟ್ಟುವಷ್ಟರಲ್ಲಿ ಎಳೆಗಳು ಸಾರನ್ನೆಲ್ಲ ಕುಡಿದು ಹೆಬ್ಬೆರಳಿನಷ್ಟು ಊದಿದ್ದವು. ಆಕೆ ಒಂದು ಚೂರು ಬಾಯಿಗಿಟ್ಟು ನನ್ನ ಮುಖ ನೋಡಿದಳು. ಏನೂ ಅನ್ನದೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಸಾಸಿವೆ ಚಟಪಟ ಸಿಡಿದ ಸದ್ದು, ಹಿಂದೆಯೇ ಕರಿಬೇವು ಬಿದ್ದ ಚುಂಯ್. ನಾನು ತಟ್ಟೆ ತೊಳೆದುಕೊಂಡು ಕೂತೆ.