ಟ್ರ್ಯಾಕ್ಟರ್ ವೇಷ ಕಟ್ಟಿದ್ದು

ಅಪ್ಪಯ್ಯ ಉತ್ತರ ಕನ್ನಡದ ನಮ್ಮೂರು ಬೆಳಕೆಯಿಂದ ಬಂದಿಳಿದ ಮರುದಿನವೇ ಗ್ಯಾರೇಜಿನ ಬಾಗಿಲು ತೆಗೆಸಿದರು. ಒಳಗೆ ಕೆಂಪು ಮಹೀಂದ್ರ ನಿಂತಿತ್ತು. ಎಮ್ಮೆಯ ಬೆನ್ನು ತಟ್ಟುವ ಹಾಗೆ ಅದರ ಬಾನೆಟ್ಟನ್ನು ಎರಡು ಸಲ ತಟ್ಟಿ, "ಇವ ನಮ್ಮ ಕಡೆಯವನೇ ಅಲ್ವಾ? ಇವನಿಗೆ ವೀಸಾ ಯಾವಾಗ ಸಿಕ್ಕಿತು?" ಎಂದರು.

1994ರಲ್ಲಿ ಎಂದೆ. ಮಹೀಂದ್ರದವರು ಅಮೆರಿಕದಲ್ಲಿ ಟ್ರ್ಯಾಕ್ಟರ್ ಅಂಗಡಿ ತೆರೆದದ್ದು ಆ ವರ್ಷ. ನಾನು ಬಂದದ್ದು ಅದಾಗಿ ಹತ್ತು ವರ್ಷಕ್ಕೆ. ಹಾಗೆ ನೋಡಿದರೆ ನಮ್ಮ ಮನೆಯಲ್ಲಿ ಹಿರಿಯ ಹೊರನಾಡ ಕನ್ನಡಿಗ ಗ್ಯಾರೇಜಿನಲ್ಲೇ ಇದ್ದಾನೆ.

ನಾವಿರುವುದು ವರ್ಮಾಂಟ್ ರಾಜ್ಯದ ಈಶಾನ್ಯ ಮೂಲೆಯಲ್ಲಿ. ಇಲ್ಲಿಯವರು ಇದನ್ನು 'ನಾರ್ತ್‌ಈಸ್ಟ್ ಕಿಂಗ್‌ಡಮ್' ಎನ್ನುತ್ತಾರೆ. 1949ರಲ್ಲಿ ಜಾರ್ಜ್ ಐಕನ್ ಎಂಬ ಸೆನೆಟರ್ ಹಾಗೆ ಕರೆದದ್ದು ಅಂಟಿಕೊಂಡುಬಿಟ್ಟಿತು. "ರಾಜ ಯಾರು?" ಎಂದು ಅಪ್ಪಯ್ಯ ಕೇಳಿದರು. "ರಾಜ ಇಲ್ಲ ಮಾವ, ಮೂವತ್ತು ಎಕರೆ ಕಾಡು ಇದೆ, ಅದರ ಮೇಲೆ ಸಾಲ ಇದೆ" ಎಂದಳು ನನ್ನ ಹೆಂಡತಿ. ಅವಳು ಕುಮಟೆಯವಳು, ಲೆಕ್ಕವನ್ನು ಚುಟುಕಾಗಿ ಹೇಳುತ್ತಾಳೆ. ಅಮ್ಮ ಮಾತ್ರ ಬರಲಿಲ್ಲ. ಗಬ್ಬದ ದನವನ್ನು ಬಿಟ್ಟು ಬರುವುದು ಹೇಗೆ ಎಂದು ಫೋನಿನಲ್ಲೇ ಉಳಿದಳು.

ಉತ್ತರ ಕನ್ನಡ ಜಿಲ್ಲೆಯಲ್ಲಿ ಸುಮಾರು ಮುಕ್ಕಾಲು ಪಾಲು ಕಾಡು. ವರ್ಮಾಂಟಿನಲ್ಲೂ ಅಷ್ಟೇ. ಹೋಲಿಕೆ ಅಲ್ಲಿಗೆ ಮುಗಿಯಿತು. ಊರಲ್ಲಿ ಸ್ವಂತ ಜಾಗದ ಹೊನ್ನೆ ಮರಕ್ಕೆ ಕೊಡಲಿ ಹಾಕಬೇಕಾದರೂ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಗೆ ಅರ್ಜಿ ಹಾಕಿ ಕಾಯಬೇಕು. ಇಲ್ಲಿ 1978ರ ಒಂದು ತೆರಿಗೆ ಕಾನೂನು ಉಂಟು. ಕನಿಷ್ಠ 25 ಎಕರೆ ಕಾಡು ಇರುವವನು ಬಲ್ಲವರಿಂದ ಯೋಜನೆ ಬರೆಸಿ, ಯಾವ ವರ್ಷ ಎಲ್ಲಿ ಯಾವ ಮರ ತೆಗೆಯುತ್ತೇನೆ ಎಂದು ಒಪ್ಪಿ ಸಹಿ ಹಾಕಿದರೆ ಜಮೀನಿನ ತೆರಿಗೆ ಇಳಿಯುತ್ತದೆ. ಸಹಿ ಹಾಕಿದ ಮೇಲೆ ಬರೆದ ಹಾಗೆ ನಡೆಯಲೇಬೇಕು.

"ಅಂದರೆ ಇಲ್ಲಿ ಮರ ಕಡಿಯದಿದ್ದರೆ ಕೇಸಾ?"

"ಕೇಸಲ್ಲ ಅಪ್ಪಯ್ಯ, ತೆರಿಗೆ."

ಅವರು ಬಹಳ ಹೊತ್ತು ಮಾತಾಡಲಿಲ್ಲ. ನಮ್ಮೂರಿಗೆ ಬಂದುಹೋದ ಫಾರೆಸ್ಟ್ ಗಾರ್ಡುಗಳೆಲ್ಲ ಒಬ್ಬೊಬ್ಬರಾಗಿ ಅವರ ಕಣ್ಣ ಮುಂದೆ ಹಾದುಹೋಗಿರಬೇಕು.

ನಮ್ಮ ಪಾಲಿಗೆ ಈ ಸಲ ಬಂದದ್ದು ಬಡಗು ದಿಕ್ಕಿನ ಇಳಿಜಾರಿನ ಆ್ಯಶ್ ಮರಗಳು. 2018ರಲ್ಲಿ ಈ ರಾಜ್ಯದಲ್ಲಿ ಮೊದಲ ಸಲ ಕಂಡ ಹಸಿರು ಬಣ್ಣದ ಕೊರಕ ಹುಳವೊಂದು ಅವನ್ನೆಲ್ಲ ಮುಗಿಸುತ್ತಾ ಬರುತ್ತಿದೆ. ತೆಂಗಿಗೆ ಕುರುವಾಯಿ ಹುಳ ಇದ್ದ ಹಾಗೆ ಎಂದದ್ದೇ ಅಪ್ಪಯ್ಯನಿಗೆ ಪೂರ್ತಿ ಅರ್ಥವಾಯಿತು. "ಹಾಗಾದರೆ ನಾಳೆಯೇ ಕಡಿಯುವಾ. ಚಳಿ ಬರುವ ಮೊದಲು ಕಟ್ಟಿಗೆ ಒಳಗೆ ಹಾಕಬೇಕು" ಎಂದರು. ಬೆಳಕೆಯ ಲೆಕ್ಕ ಅದು. ಮೇ ತಿಂಗಳು ಮುಗಿಯುವುದರೊಳಗೆ ಕಟ್ಟಿಗೆ ಕೊಟ್ಟಿಗೆ ಸೇರಬೇಕು. ಜೂನ್ ಬಂದರೆ ಗದ್ದೆಗಿಳಿದ ಟ್ರ್ಯಾಕ್ಟರ್ ಅಲ್ಲೇ ಹೂತು ಕುಳಿತು ಊರಿಗೆಲ್ಲ ತಮಾಷೆ.

ಇಲ್ಲಿ ಲೆಕ್ಕ ತಿರುಗಾಮುರುಗಾ. ಕಟ್ಟಿಗೆ ತೆಗೆಯುವುದೇ ನಡು ಚಳಿಯಲ್ಲಿ. ಆಗ ನೆಲ ಕಲ್ಲಾಗಿರುತ್ತದೆ, ಚಕ್ರ ಹೂಳುವುದಿಲ್ಲ, ಉಳಿದ ಮರಗಳ ಬೇರು ಜಜ್ಜಿಹೋಗುವುದಿಲ್ಲ. ಮಾರ್ಚ್, ಏಪ್ರಿಲ್‌ನಲ್ಲಿ ಹಿಮ ಕರಗಿದರೆ ಇಡೀ ರಾಜ್ಯವೇ ನಾಟಿ ಗದ್ದೆ. ಆ ದಿನಗಳಿಗೆ ಇವರು 'ಕೆಸರುಕಾಲ' ಎಂದೇ ಹೆಸರಿಟ್ಟಿದ್ದಾರೆ. ಹಾಗೆ ಚಳಿಯಲ್ಲಿ ತಂದ ಕಟ್ಟಿಗೆ ಒಣಗಿ, ಉರಿಯುವುದು ಮುಂದಿನ ಚಳಿಗೆ. ಒಂದು 'ಕಾರ್ಡ್' ಎಂದರೆ ನಾಲ್ಕಡಿ ಅಗಲ, ನಾಲ್ಕಡಿ ಎತ್ತರ, ಎಂಟಡಿ ಉದ್ದದ ರಾಶಿ. ನಮ್ಮ ಮನೆಯ ಒಲೆಗೆ ವರ್ಷಕ್ಕೆ ಅಂಥ ಐದು ಬೇಕು.

"ಹಿಮದ ಮೇಲೆ ಇವ ನಿಲ್ಲುತ್ತಾನಾ?" ಅಪ್ಪಯ್ಯ ಮತ್ತೊಮ್ಮೆ ಬಾನೆಟ್ ತಟ್ಟಿದರು.

"ಹೀಗೇ ನಿಲ್ಲುವುದಿಲ್ಲ. ವೇಷ ಕಟ್ಟಬೇಕು."

ಈ ಮಾತು ಬಾಯಿಂದ ಬಿದ್ದದ್ದೇ ತಪ್ಪಾಯಿತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಆಟಗಳನ್ನು ಬೆಳಗಿನವರೆಗೆ ಕೂತು ನೋಡಿದ ಮನುಷ್ಯ ಅವರು. ಅಲ್ಲಿಂದ ಮುಂದೆ ನಮ್ಮ ಗ್ಯಾರೇಜು ಚೌಕಿಯಾಯಿತು.

ಮೊದಲು ಹೊಟ್ಟೆಗೆ. ಹಿಮದಡಿ ಅಡಗಿರುವ ಮರದ ಬುಡಗಳು ಎಂಜಿನ್ನಿನ ತಳಕ್ಕೆ ತಿವಿಯದಂತೆ ಕೆಳಗಿನಿಂದ ದಪ್ಪ ಉಕ್ಕಿನ ತಗಡು ಬಿಗಿದೆವು. ಗಾಳಿ ತುಂಬುವ ವಾಲ್ವುಗಳಿಗೆ, ದೀಪಗಳಿಗೆ ಗುರಾಣಿ. ತಲೆಯ ಮೇಲೆ, ಟ್ರ್ಯಾಕ್ಟರ್ ಉರುಳಿದರೂ ಚಾಲಕನನ್ನು ಕಾಯುವ ಕಬ್ಬಿಣದ ಕಮಾನು ಮೊದಲೇ ಇತ್ತು, ಅದಕ್ಕೆ ಹಿಂಬದಿಯಿಂದ ಜಾಲರಿ. "ಇದು ಕಿರೀಟ" ಎಂದರು ಅಪ್ಪಯ್ಯ. ನನಗೂ ಅವರಿಗೂ ಹೆಲ್ಮೆಟ್ ತಂದಿದ್ದೆ. ಅವರು ಮುಂಡಾಸಿನ ಮೇಲೇ ಹೆಲ್ಮೆಟ್ ಇಡಲು ಹೋಗಿ, ಅದು ಕೂರದೆ, ಮುಂಡಾಸು ಬಿಡಲು ಒಪ್ಪದೆ ಅರ್ಧ ದಿನ ಹೋಯಿತು. ಕೊನೆಗೆ ಗೆದ್ದದ್ದು ಮೊಮ್ಮಗಳು. "ಅಜ್ಜ, ಕಿರೀಟ ಇಲ್ಲದೆ ರಂಗಸ್ಥಳಕ್ಕೆ ಬರಬಾರದು" ಎಂದಳು.

ಚಕ್ರಕ್ಕೆ ತೂಕ ಬೇಕೆಂದಾಗ ಅಪ್ಪಯ್ಯನಿಗೆ ಖುಷಿಯಾಯಿತು. ಅದು ಅವರಿಗೆ ಗೊತ್ತಿದ್ದ ವಿದ್ಯೆ: "ಟೈರಿಗೆ ಮುಕ್ಕಾಲು ನೀರು ಹಾಕು." ಇಲ್ಲಿ ನೀರು ಹಾಕಿದರೆ ಡಿಸೆಂಬರಿನಲ್ಲಿ ಟೈರಿನೊಳಗೆ ಮಂಜುಗಡ್ಡೆಯ ಬಂಡೆ. ಅದಕ್ಕೇ ಸಕ್ಕರೆ ಬೀಟಿನಿಂದ ಸಕ್ಕರೆ ತೆಗೆದು ಉಳಿದ ಕಪ್ಪು ರಸ ತುಂಬುತ್ತಾರೆ. ನೀರಿಗಿಂತ ಮೂರನೇ ಒಂದು ಪಾಲಿನಷ್ಟು ಹೆಚ್ಚು ಭಾರ, ಇಲ್ಲಿಯ ಸಾಮಾನ್ಯ ಚಳಿಗೆ ಗಟ್ಟಿಯಾಗದು. ಸುದ್ದಿ ವಾಟ್ಸಾಪಿನಲ್ಲಿ ಬೆಳಕೆ ತಲುಪಿತು. "ಟ್ರ್ಯಾಕ್ಟರಿಗೆ ಬೀಟ್ರೂಟ್ ಪಾನಕ ಕೊಡುತ್ತಾರಂತೆ, ಹುಡುಗಿಗೆ ಕೊಡುತ್ತಾರೋ ಇಲ್ಲವೋ" ಎಂದು ಅಮ್ಮ ಪಕ್ಕದ ಮನೆಯವರಿಗೆ ಹೇಳುತ್ತಿದ್ದದ್ದು ನಮಗೂ ಕೇಳಿಸಿತು.

ಮುಂದಿನ ಸಮಸ್ಯೆ, ಹಿಂದೆ ದಿಮ್ಮಿ ಎಳೆಯುವ ವಿಂಚ್ ಕೂರಿಸಿದರೆ ಮೂತಿ ಹಗುರಾಗುತ್ತದೆ. ಊರಲ್ಲಿ ಇದಕ್ಕೆ ಪರಿಹಾರ ಸುಲಭ, ಇಬ್ಬರು ಹುಡುಗರನ್ನು ಬಾನೆಟ್ ಮೇಲೆ ಕೂರಿಸುವುದು. ಅಪ್ಪಯ್ಯ ತಾವೇ ಕೂರುವುದಾಗಿ ಹೇಳಿದರು. "ನಿಮ್ಮದು ಪ್ರವಾಸಿ ವೀಸಾ ಮಾವ, ಕೆಲಸ ಮಾಡುವ ಹಾಗಿಲ್ಲ" ಎಂದಳು ಹೆಂಡತಿ. ಮೂತಿಗೆ ಕಬ್ಬಿಣದ ತೂಕದ ಕಲ್ಲುಗಳನ್ನು ನೇತುಹಾಕಿದೆವು.

ಚಕ್ರದ ಸರಪಳಿಯ ದಿನ ಮಾತ್ರ ಮರೆಯುವ ಹಾಗಿಲ್ಲ. ಒಂದೊಂದು ಸರಪಳಿ ಒಂದೊಂದು ಕರುವಿನ ತೂಕ. ಅದನ್ನು ಹಿಂದಿನ ಟೈರಿನ ಮೇಲೆ ಸೀರೆಯಂತೆ ಹೊದಿಸಿ, ಟ್ರ್ಯಾಕ್ಟರನ್ನು ಅರ್ಧ ಸುತ್ತು ಮುಂದೆ ಬಿಟ್ಟು, ಒಳಬದಿಯ ಕೊಂಡಿಯನ್ನು ಹಿಮದಲ್ಲಿ ಮಲಗಿ ಹಾಕಬೇಕು. ಗ್ಲೌಸ್ ಹಾಕಿದರೆ ಕೊಂಡಿ ಸಿಗುವುದಿಲ್ಲ, ತೆಗೆದರೆ ಬೆರಳು ಕಬ್ಬಿಣಕ್ಕೆ ಅಂಟುತ್ತದೆ. ಅಪ್ಪಯ್ಯ ಮಡಿಸುವ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. "ನಮ್ಮಲ್ಲಿ ಸರಪಳಿ ಕಟ್ಟುವುದು ಓಡದೆ ಇರಲಿ ಅಂತ. ಇಲ್ಲಿ ಓಡಲಿ ಅಂತ!" ಎಂದರು. ಆಮೇಲೆ ತಾವೇ ಸಮಾಧಾನವನ್ನೂ ಹೇಳಿಕೊಂಡರು: ಗದ್ದೆ ಕೆಸರಿಗೆ ಇಳಿಸುವಾಗ ನಾವೂ ಕಬ್ಬಿಣದ ಪಂಜರದ ಚಕ್ರ ಹಾಕುತ್ತೇವಲ್ಲ, ಅದರ ತಮ್ಮ ಇದು. ಒಳಗೆ ಬಂದು ಗ್ಯಾರೇಜಿನ ಸಿಮೆಂಟಿನ ಮೇಲೆ ಮಹೀಂದ್ರ ಎರಡು ಹೆಜ್ಜೆ ಇಟ್ಟಾಗ ಝಲ್ ಎಂದಿತು. ಅಪ್ಪಯ್ಯ ಎದ್ದು ನಿಂತರು. ಗೆಜ್ಜೆಯ ಸದ್ದಿಗೆ ಕೂತಿರುವ ಅಭ್ಯಾಸ ಅವರಿಗಿಲ್ಲ.

ಜನವರಿಯ ಎರಡನೇ ಶನಿವಾರ ಮುಹೂರ್ತ. ಸೊನ್ನೆಗಿಂತ 22 ಡಿಗ್ರಿ ಕೆಳಗೆ. ಚೌಕಿ ಪೂಜೆ ಇಲ್ಲದೆ ಆಟ ಶುರುವಾಗುವುದು ಹೇಗೆ? ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣು ಇಟ್ಟರು. ನಾನು ಕೀಲಿ ತಿರುಗಿಸಿದೆ. ಎಂಜಿನ್ ಕೆಮ್ಮಿತು, ಎರಡು ಉಸಿರು ಎಳೆದು ಸುಮ್ಮನಾಯಿತು.

ತಪ್ಪು ನನ್ನದೇ. ಬೇಸಿಗೆಯಲ್ಲಿ ತುಂಬಿದ ಡೀಸೆಲ್ ಟ್ಯಾಂಕಿನಲ್ಲೇ ಉಳಿದಿತ್ತು. ಮಗಳಿಗೆ ಅರ್ಥವಾಗಲಿಲ್ಲ, ಡೀಸೆಲ್ ಎಣ್ಣೆಯಲ್ಲವೇ, ಅದು ಹೇಗೆ ಹೆಪ್ಪುಗಟ್ಟುತ್ತದೆ ಎಂದಳು. ಅವಳ ಅಜ್ಜ ವಿವರಿಸಿದರು. ಡಿಸೆಂಬರಿನ ಬೆಳಗ್ಗೆ ಬೆಳಕೆಯ ಬಚ್ಚಲಲ್ಲಿ ತೆಂಗಿನೆಣ್ಣೆಯ ಬಾಟಲಿ ಬಿಳಿಯಾಗಿ ನಿಂತಿರುತ್ತದೆ, ಬಿಸಿನೀರಲ್ಲಿ ಇಟ್ಟರೆ ಇಳಿಯುತ್ತದೆ, ಇದೂ ಹಾಗೇ. ನಿಜವೇ. ಡೀಸೆಲ್ಲಿನೊಳಗೆ ಮೇಣ ಇರುತ್ತದೆ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿಳಿದರೆ ಸಾಮಾನ್ಯ ಡೀಸೆಲ್ ಮಬ್ಬಾಗುತ್ತದೆ, ಇನ್ನೂ ಇಳಿದರೆ ಮೇಣ ಫಿಲ್ಟರಿನ ಕತ್ತು ಹಿಸುಕುತ್ತದೆ. ಮದ್ದು, ಚಳಿಗಾಲದ ಡೀಸೆಲ್, ಅಥವಾ ಸೀಮೆಎಣ್ಣೆ ಬೆರೆಸುವುದು.

"ಸೀಮೆಎಣ್ಣೆ ಬೆರೆಸುವುದಾ? ಪೊಲೀಸರು?"

"ಇಲ್ಲಿ ಬಂಕಿನವರೇ ಬೆರೆಸಿ ಕೊಡುತ್ತಾರೆ ಅಪ್ಪಯ್ಯ."

ಊರಲ್ಲಿ ಈ ಒಂದೇ ಕಾರಣಕ್ಕೆ ಎಷ್ಟು ಲಾರಿ ಹಿಡಿದರು ಎಂದು ಅವರು ಲೆಕ್ಕ ಹಾಕುತ್ತಿರುವಾಗ ನಾನು ಫಿಲ್ಟರ್ ಬದಲಿಸಿ, ಎಂಜಿನ್ನಿನ ನೀರು ಕಾಯಿಸುವ ಹೀಟರನ್ನು ಪ್ಲಗ್ಗಿಗೆ ಹಾಕಿದೆ. ಮೂರು ತಾಸು ಹಿಡಿಯಿತು. "ನಮ್ಮ ಬಚ್ಚಲಿನ ಹಂಡೆಯೂ ಇಷ್ಟು ಸೇವೆ ಕೇಳುವುದಿಲ್ಲ" ಎಂದು ಹೆಂಡತಿ ಕಿಟಕಿಯಿಂದ ಕೂಗಿದಳು. ಸಂಜೆಯ ಹೊತ್ತಿಗೆ ಮಹೀಂದ್ರ ಬಾಯಿ ಬಿಟ್ಟಿತು. ಚಕ್ರ ಮುಂದೆ ಸರಿದಾಗ ನಿಂಬೆಹಣ್ಣು ಒಡೆಯಲಿಲ್ಲ. ಅಷ್ಟು ಹೊತ್ತಿಗೆ ಅದು ಗೋಲಿಯಾಗಿತ್ತು. ಸರಪಳಿಯ ಏಟಿಗೆ ಚಿಮ್ಮಿ ಬೇಲಿ ದಾಟಿ ಪಕ್ಕದ ಮನೆಯ ಅಜ್ಜನ ನಾಯಿಯ ಮುಂದೆ ಬಿತ್ತು. ನಾಯಿ ಅದರ ಜೊತೆ ಒಂದು ವಾರ ಆಡಿತು.

ಮರುದಿನ ಕಾಡು. ಬಿದ್ದ ಆ್ಯಶ್ ಮರವೊಂದರ ಬುಡಕ್ಕೆ ಕುಣಿಕೆ ಸರಪಳಿ ಹಾಕಿ, ವಿಂಚಿನ ಉಕ್ಕಿನ ಹಗ್ಗ ಸಿಕ್ಕಿಸಿದೆ. ವಿಂಚ್ ತಿರುಗುವುದು ಪಿಟಿಓ, ಅಂದರೆ ಎಂಜಿನ್ನು ಹಿಂಬದಿಯಲ್ಲಿ ತಿರುಗಿಸುವ ದಂಡದ ಬಲದಿಂದ, ನಿಮಿಷಕ್ಕೆ 540 ಸುತ್ತು. ಹಗ್ಗದ ಹಾದಿಯಲ್ಲಿ ಯಾರೂ ನಿಲ್ಲಬಾರದು. ಮರ ಬೀಳಿಸುವಾಗಲಂತೂ ಎರಡು ಮರದ ಉದ್ದ ದೂರ ಇರಬೇಕು. ಅಪ್ಪಯ್ಯನನ್ನು ಅಲ್ಲಿ, ಅಂದರೆ ಮಾತು ಕೇಳಿಸದಷ್ಟು ದೂರದಲ್ಲಿ ನಿಲ್ಲಿಸಿ, ಪಕ್ಕಕ್ಕೆ ಸರಿದು ವಿಂಚಿನ ದಾರ ಎಳೆದೆ.

ಹಗ್ಗ ಬಿಗಿಯಿತು. ದಿಮ್ಮಿ ಅಲುಗಲಿಲ್ಲ. ಟ್ರ್ಯಾಕ್ಟರ್, ಅಷ್ಟೂ ಆಭರಣ ತೊಟ್ಟು, ಮೆಲ್ಲಗೆ ಹಿಮ್ಮುಖವಾಗಿ ದಿಮ್ಮಿಯ ಕಡೆ ಜಾರತೊಡಗಿತು. ದಾರ ಬಿಟ್ಟೆ, ನಿಂತಿತು. ವಿಂಚಿನ ಬುಡದಲ್ಲಿ ಅಗಲದ ಕಬ್ಬಿಣದ ಹಲಗೆ ಇರುತ್ತದೆ. ಅದನ್ನು ನೆಲಕ್ಕೆ ಊರಿದರೆ ಮಾತ್ರ ಟ್ರ್ಯಾಕ್ಟರ್ ಕಾಲು ಕೊಟ್ಟು ನಿಲ್ಲುವುದು. ಊರಲು ಮರೆತಿದ್ದೆ. ದೂರದಿಂದ ಎರಡೂ ಕೈ ಬಾಯಿಗೆ ಹಿಡಿದು ಅಪ್ಪಯ್ಯ ಕೂಗಿದ್ದು ಮಾತ್ರ ಇಯರ್ ಮಫ್ ದಾಟಿ ಕೇಳಿಸಿತು: "ಮಾಣೀ, ಮರ ಇಲ್ಲಿಗೆ ಬರುವುದೋ, ನೀವೇ ಅಲ್ಲಿಗೆ ಹೋಗುವುದೋ?"

ಹಲಗೆ ಊರಿದ ಮೇಲೆ ದಿಮ್ಮಿ ಬಂತು. ಬುಡವನ್ನು ನೆಲದಿಂದ ಗೇಣು ಎತ್ತಿ, ಬಾಲ ಹಿಮದಲ್ಲಿ ಗೆರೆ ಎಳೆಯುತ್ತಾ. ಎಳೆಯುವ ಕೊಂಡಿ ಯಾವತ್ತೂ ತಗ್ಗಿನಲ್ಲಿರಬೇಕು. ಹಿಂದಿನ ಅಚ್ಚಿಗಿಂತ ಮೇಲೆ ಕಟ್ಟಿ ಎಳೆದರೆ ಟ್ರ್ಯಾಕ್ಟರ್ ಹೆದರಿದ ಕುದುರೆಯಂತೆ ಎರಡು ಕಾಲಲ್ಲಿ ನಿಂತು, ಬೆಲ್ಟ್ ಕಟ್ಟದ ಚಾಲಕನ ಮೇಲೇ ಮಗುಚುತ್ತದೆ. ತಮಾಷೆಯ ನಡುವೆ ಇದೊಂದು ಮಾತು ನಿಜವಾಗಿ ನೆನಪಿಡಬೇಕಾದ್ದು, ಬೆಳಕೆಯಲ್ಲಾದರೂ ವರ್ಮಾಂಟಿನಲ್ಲಾದರೂ. ಹಗ್ಗ ಸುತ್ತುತ್ತಾ ಸುತ್ತುತ್ತಾ ದಿಮ್ಮಿ ಹತ್ತಿರವಾದಾಗ ಅಪ್ಪಯ್ಯ ಇದ್ದಲ್ಲೇ ಕೈ ಬೀಸಿ "ಐಲೇಸಾ" ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ಕಡಲ ದಂಡೆಯಲ್ಲಿ ರಂಪಣಿ ಬಲೆಯ ಹಗ್ಗ ಎಳೆದು ಪಾಲಿನ ಮೀನು ತಂದವರು. ಇಲ್ಲಿ ಬಂದದ್ದು ಮರ, ಅಷ್ಟೇ.

ಫೆಬ್ರವರಿ ಕೊನೆಗೆ ಆರು ಕಾರ್ಡ್ ಕಟ್ಟಿಗೆ ಮನೆಯ ಹಿಂದೆ ಬಿತ್ತು. ಏಪ್ರಿಲ್‌ನಲ್ಲಿ ಕೆಸರು ಶುರುವಾಗುತ್ತಲೇ ಅಪ್ಪಯ್ಯ ಹೊರಟರು. ವಿಮಾನಕ್ಕೆ ಹೋಗುವ ಹಿಂದಿನ ರಾತ್ರಿ ಪೆಟ್ಟಿಗೆ ತೂಗಿದರೆ 23 ಕಿಲೋ ದಾಟಿ ನಾಲ್ಕು ಕಿಲೋ ಹೆಚ್ಚು. ತೆರೆದು ನೋಡಿದರೆ ಬಾದಾಮಿ, ಚಾಕೊಲೇಟಿನ ಅಡಿಯಲ್ಲಿ ಕುಣಿಕೆ ಸರಪಳಿ. ಇದು ಎಂತಕ್ಕೆ ಎಂದೆ. ದನ ಕರು ಹಾಕಿದೆಯಲ್ಲ, ಕಟ್ಟುವುದಕ್ಕೆ ಎಂದರು. ಚಾಕೊಲೇಟ್ ಇಲ್ಲೇ ಉಳಿಯಿತು, ಸರಪಳಿ ಹೋಯಿತು. ಅದನ್ನು ನೋಡಿದ ಅಮ್ಮ, ಇದನ್ನು ಹಾಕಿದರೆ ಕರು ತಲೆ ಎತ್ತೀತಾ ಎಂದು ಬೈದು ದಣಪೆಗೆ ಬಿಗಿಸಿದ್ದಾಳೆ.

ಈ ಬೇಸಿಗೆಯಲ್ಲಿ ಯಾರಾದರೂ ಬೆಳಕೆ ಕಡೆ ಹೋದರೆ ನಮ್ಮ ದಣಪೆಯ ಸರಪಳಿ ನೋಡಿ ಬನ್ನಿ. ಅಪ್ಪಯ್ಯ ಟ್ರ್ಯಾಕ್ಟರಿನ ವೇಷದ ಕತೆ ಹೇಳುತ್ತಾರೆ, ಚಹಾ ಕೊಡುತ್ತಾರೆ, ವಿಂಚಿಗೆ ಎಷ್ಟಾಯಿತು ಎಂದು ನಿಮ್ಮನ್ನೇ ಕೇಳುತ್ತಾರೆ. ಅವರು ಡಾಲರನ್ನು ಎಣಿಸುವುದು ತೆಂಗಿನಕಾಯಿಯಲ್ಲಿ. ನಾನು ಐನೂರು ಎಂದು ಹೇಳಿದ್ದೇನೆ. ದಯವಿಟ್ಟು ನೀವೂ ಐನೂರು ಎಂದೇ ಹೇಳಿ.