ಕರಾವಳಿಯ ಚತುಶ್ಚಕ್ರ ಮೀಮಾಂಸೆ

ಉಡುಪಿ ಸೀಮೆಯಲ್ಲಿ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಸಿಗುವ ಜೀಪುಗಳಿದ್ದರೂ ಅವುಗಳ ಬೇಸಗೆ ಪ್ರವಾಸದ ಬಗ್ಗೆ ವಿದ್ವಾಂಸರು ಇದುವರೆಗೆ ತುಟಿ ಬಿಚ್ಚಿಲ್ಲ. ಆ ಕೊರತೆ ನೀಗುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಮೊದಲು ಲಕ್ಷಣ. ಮಣಿಪಾಲದ ಫ್ಲ್ಯಾಟಿನಡಿ ನಿಂತು, ತಲೆಗೆ ಕ್ಯಾರಿಯರ್, ಮೂತಿಗೆ ವಿಂಚ್, ಕಿವಿಗೆ ಸ್ನಾರ್ಕೆಲ್ ಧರಿಸಿದ್ದೇ ಚತುಶ್ಚಕ್ರ. ಲೋ ಗೇರಿನ ಹಿಡಿ ಕೈ ತಾಗದೆ ಫಳಫಳ ಹೊಳೆಯುವುದು ಶುದ್ಧ ತಳಿಯ ಗುರುತು.

ಇನ್ನು ಕಾಲನಿರ್ಣಯ. ಆಸ್ಟ್ರೇಲಿಯಾದವರು ಸಿಂಪ್ಸನ್ ಮರುಭೂಮಿಯ ಉದ್ಯಾನಗಳನ್ನು ತಮ್ಮ ಕಡುಬೇಸಗೆಯಲ್ಲಿ, ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ, ಮುಚ್ಚಿಯೇ ಬಿಡುತ್ತಾರೆ. ನಮ್ಮಲ್ಲಿ ಆ ಕೆಲಸವನ್ನು ಆಮಂತ್ರಣ ಪತ್ರಿಕೆಗಳು ಮಾಡುತ್ತವೆ. ಮಾರ್ಚಿನಲ್ಲಿ ಕಾಪುವಿನ ಸುಗ್ಗಿ ಮಾರಿಪೂಜೆ. ಏಪ್ರಿಲಿನಲ್ಲಿ ಬಿಸು, ಊರಿನ ಬ್ರಹ್ಮಕಲಶ, ಕಾರ್ಕಳದ ಮಾವನ ಮನೆಯ ನೇಮ. ಮೇಯಲ್ಲಿ ಮದುವೆ, ಮುಂಜಿ, ಹರಕೆಯಾಟ. ಮೇ 24ರ ಸುಮಾರಿಗೆ ಪತ್ತನಾಜೆ ಬಂದು ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚಿದ ಮೇಲೆ ದಿನ ಖಾಲಿ ಸಿಗುತ್ತದೆ. ಹಿಂದೆಯೇ ಮಳೆಯೂ ಸಿಗುತ್ತದೆ. ‘ಒಂದು ನೇಮ ತಪ್ಪಿಸಿದರಾಗದೇ?’ ಎಂಬುದು ಪೂರ್ವಪಕ್ಷ. ‘ನೇಮಕ್ಕೆ ಬಾರದೆ ಜೀಪು ತಕೊಂಡು ಕಾಡಿಗೆ ಹೋಗಿದ್ದಾನಂತೆ ಮಾರಾಯ್ತಿ’ ಎಂಬ ಅತ್ತೆಯ ಒಂದೇ ವಾಕ್ಯದಿಂದ ಅದು ಖಂಡಿತವಾಗುತ್ತದೆ.

ದೇಶನಿರ್ಣಯ ಇನ್ನೂ ಕಷ್ಟ. ಬಜಗೋಳಿ, ಮಾಳ ದಾಟಿ ಎಸ್.ಕೆ. ಬಾರ್ಡರಿಗೆ ಏರಿದರೆ ಕುದುರೆಮುಖ ರಾಷ್ಟ್ರೀಯ ಉದ್ಯಾನ. ಚೆಕ್‌ಪೋಸ್ಟಿನಲ್ಲಿ ಗಂಟೆ ಬರೆದ ಚೀಟಿ ಕೊಡುತ್ತಾರೆ. ಡಾಂಬರು ಬಿಟ್ಟು ಇಳಿಯುವಂತಿಲ್ಲ. ಕಾಪುವಿನಲ್ಲಿ, 1901ರ ದೀಪಸ್ತಂಭದ ಕಣ್ಣೆದುರೇ, ಟಯರಿನ ಗಾಳಿ ಇಳಿಸದೆ ಮರಳಿಗೆ ನುಗ್ಗಿದವನಿಗೆ ವಿಂಚ್ ಉಂಟು, ಅದರ ಹಗ್ಗ ಕಟ್ಟಲು ಮರವಿಲ್ಲ. ಕೊನೆಗೆ ಕೈರಂಪಣಿಯವರೇ ಬಲೆ ಬಿಟ್ಟು ಬಂದು ಎಳೆಯಬೇಕು.

ನಿಜವಾಗಿ ಲೋ ಗೇರು ಬೇಡುವುದು ಕೊಡಚಾದ್ರಿಯ ದಾರಿ. 1343 ಮೀಟರಿನ ಆ ಬೆಟ್ಟಕ್ಕೆ ಕೊಲ್ಲೂರಿನ ಬಾಡಿಗೆ ಜೀಪುಗಳು ಸೀಟು ತುಂಬ ಜನ ಹೇರಿಕೊಂಡು, ಕೊರಕಲು ಬಿದ್ದ ಮಣ್ಣುದಾರಿಯಲ್ಲಿ ಏರುತ್ತವೆ. ಸ್ನಾರ್ಕೆಲ್ ಇಲ್ಲ, ವಿಂಚ್ ಇಲ್ಲ. ಡ್ರೈವರನ ಕಾಲಲ್ಲಿ ಹವಾಯಿ ಚಪ್ಪಲಿ. ನಮ್ಮ ಚತುಶ್ಚಕ್ರದ ಧನಿ ತನ್ನ ವಾಹನವನ್ನು ಕೊಲ್ಲೂರಿನಲ್ಲಿ ನೆರಳು ಹುಡುಕಿ ನಿಲ್ಲಿಸಿ, ತಲೆಗಿಷ್ಟೆಂದು ಕೊಟ್ಟು, ಆ ಜೀಪಿನ ಹಿಂದಿನ ಸೀಟಿನಲ್ಲಿ ಕೂರುತ್ತಾನೆ. ಸಂಶೋಧನೆಯ ಮುಖ್ಯ ಫಲಿತ ಇದೇ ಆದ್ದರಿಂದ ವಿದ್ಯಾರ್ಥಿಗಳು ಅಡಿಗೆರೆ ಎಳೆದುಕೊಳ್ಳಬೇಕು.

ಚತುಶ್ಚಕ್ರದ ಕ್ಯಾರಿಯರಿಗೆ ಕಟ್ಟುವ ನೀರಿನ ಕ್ಯಾನುಗಳ ಬಗ್ಗೆ ಮಾತ್ರ ನಮ್ಮ ತಕರಾರಿಲ್ಲ. ಉಡುಪಿ, ಮಣಿಪಾಲಗಳಿಗೆ ನೀರು ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ. 2019ರ ಮೇಯಲ್ಲಿ ಅಲ್ಲಿ ನೀರು ತಳ ಕಂಡು, ನಳ್ಳಿಗಳಿಗೆ ಸರದಿ ಬಂದಿತ್ತು. ಮರುಭೂಮಿ ಮನೆಗೇ ಬಂದ ಮೇಲೆ ಡೀಸೆಲ್ ಖರ್ಚು ಯಾಕೆ? ಆದ್ದರಿಂದ ಓದುಗರಲ್ಲಿ ವಿನಂತಿ: ವಿಂಚ್ ಮಾರಿದರೂ ಕ್ಯಾನ್ ಮಾರಬೇಡಿ.