ಹುಟ್ಟದ ಹಿಳ್ಳು: ರಿಪ್ಪನ್‌ಪೇಟೆ ಸೀಮೆಯ ಕಾರ್ಟೂನ್ ಅಭಾವ ಮೀಮಾಂಸೆ

ಹಿಳ್ಳು ಎಂದರೆ ಬಾಳೆಯ ಬುಡದಲ್ಲಿ ಏಳುವ ಮರಿ. ಬಯಲುಸೀಮೆಯವರು ಇದನ್ನು ಕಂದು ಎನ್ನುತ್ತಾರೆ. ತಾಯಿಬಾಳೆ ಒಂದೇ ಸಲ ಗೊನೆ ಹಾಕಿ ಸಾಯುತ್ತದೆ. ಆಮೇಲೆ ತೋಟ ನಡೆಯುವುದು ಹಿಳ್ಳಿನಿಂದ. ಟಿವಿಯ ಕಾರ್ಟೂನ್ ಸರಣಿಯ ಬುಡದಿಂದ, ಅದರ ಯಾವುದೋ ಸಣ್ಣ ಪಾತ್ರವನ್ನು ಹಿಡಿದುಕೊಂಡು, ಬೇರೆಯೇ ಸರಣಿ ಎದ್ದರೆ ಅದಕ್ಕೂ ಈ ಹೆಸರು ಸಲ್ಲುತ್ತದೆ. ಏಳಬೇಕಾದದ್ದು ಏಳದೆ ಹೋದರೆ ಅದು ಹುಟ್ಟದ ಹಿಳ್ಳು. ಪ್ರಸ್ತುತ ಶಾಸ್ತ್ರದ ವಿಷಯ ಇದು. ಇಲ್ಲದ್ದಕ್ಕೂ ಒಂದು ಶಾಸ್ತ್ರವೇ ಎಂಬ ಪೂರ್ವಪಕ್ಷಕ್ಕೆ ತರ್ಕಶಾಸ್ತ್ರದ ನೈಯಾಯಿಕರು ಹಿಂದೆಯೇ ಉತ್ತರ ಹೇಳಿಟ್ಟಿದ್ದಾರೆ: ಅಭಾವವೂ ಒಂದು ಪದಾರ್ಥ, ಅದರಲ್ಲಿ ನಾಲ್ಕು ಬಗೆ. ನೆಲದ ಮೇಲೆ ಗಡಿಗೆ ಇಲ್ಲ ಎಂಬುದನ್ನು ನೂರಾರು ವರ್ಷ ಚರ್ಚಿಸಿದ ದೇಶಕ್ಕೆ ಟಿವಿಯಲ್ಲಿ ಕಾರ್ಟೂನ್ ಇಲ್ಲ ಎಂಬುದು ಹೊಸ ಹೊರೆಯೇನಲ್ಲ.

ಅಧ್ಯಯನಕ್ಕೆ ರಿಪ್ಪನ್‌ಪೇಟೆಯೇ ತಕ್ಕ ಕ್ಷೇತ್ರ. ಶಿವಮೊಗ್ಗ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ದಾರಿಗಳು ಕೂಡುವ ಊರಿದು. ಕವಲಿನ ವಿಚಾರ ಮಾಡುವವರು ಬಸ್ಸಿಗೆ ಕಾಯುತ್ತಲೇ ಮಾಡಬಹುದು. ಊರಿನ ಹೆಸರೂ ಹಿಳ್ಳಿನ ಜಾತಿಗೆ ಸೇರಿದ್ದು. 1880ರಿಂದ 1884ರವರೆಗೆ ವೈಸರಾಯ್ ಆಗಿದ್ದ ಲಾರ್ಡ್ ರಿಪ್ಪನ್ ಹಡಗು ಹತ್ತಿ ಹೋದ. ಪೇಟೆ ಇಲ್ಲೇ ಉಳಿಯಿತು. ತಾಯಿ ಹೋಗಿ ಮರಿ ಉಳಿಯುವ ಬಾಳೆಯ ನ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಒಂದೇ ಇದೆ, ಅದು ಅಮೆರಿಕದ್ದು. 1987ರಲ್ಲಿ ಟ್ರೇಸಿ ಉಲ್ಮನ್ ಎಂಬಾಕೆಯ ಹಾಸ್ಯ ಕಾರ್ಯಕ್ರಮದ ನಡುನಡುವೆ ತುಣುಕಾಗಿ ಬರುತ್ತಿದ್ದ ಹಳದಿ ಮೈಯ ಕುಟುಂಬವೊಂದು 1989ರಲ್ಲಿ ‘ದಿ ಸಿಂಪ್ಸನ್ಸ್’ ಎಂಬ ಸ್ವಂತ ಮನೆ ಮಾಡಿತು. ಮೂಲ ಕಾರ್ಯಕ್ರಮ 1990ಕ್ಕೆ ಮುಗಿಯಿತು. ಹಿಳ್ಳು ಇವತ್ತಿಗೂ ಗೊನೆ ಹಾಕುತ್ತಲೇ ಇದೆ.

ಅದೇ ಸಿಂಪ್ಸನ್ಸ್ ಬುಡದಲ್ಲಿ ಕೊಳೆತುಹೋದ ಹಿಳ್ಳು ಪ್ರಧ್ವಂಸಾಭಾವಕ್ಕೆ ಶುದ್ಧ ಉದಾಹರಣೆ. ಒಮ್ಮೆ ಆಗಿ ಆಮೇಲೆ ಇಲ್ಲವಾಗುವುದೇ ಪ್ರಧ್ವಂಸಾಭಾವ. ಅದಕ್ಕೆ ಆದಿ ಉಂಟು, ಅಂತ್ಯವಿಲ್ಲ. ಕ್ರಸ್ಟಿ ಎಂಬ ವಿದೂಷಕನನ್ನು ಕಾರ್ಟೂನಿನಿಂದ ಎಬ್ಬಿಸಿ, ಮನುಷ್ಯರೇ ನಟಿಸುವ ಬೇರೆ ಸರಣಿ ಮಾಡಬೇಕೆಂದು 1990ರ ದಶಕದಲ್ಲಿ ಸಿಂಪ್ಸನ್ಸ್ ಸೃಷ್ಟಿಸಿದ ಮ್ಯಾಟ್ ಗ್ರೇನಿಂಗ್ ಹೊರಟರು. ಕಥೆ ಬರೆದದ್ದೂ ಆಯಿತು. ಅದರಲ್ಲಿ ಕ್ರಸ್ಟಿಯ ಮನೆ ಮರದ ಕಂಬಗಳ ಮೇಲೆ ನಿಂತಿರುತ್ತದೆ, ಆ ಕಂಬಗಳನ್ನು ಬೀವರುಗಳು ಸದಾ ಕಡಿಯುತ್ತಿರುತ್ತವೆ. ಬೀವರ್ ಎಂದರೆ ಹಲ್ಲಿನಿಂದ ಮರ ಉರುಳಿಸಿ ತೊರೆಗೆ ಒಡ್ಡು ಕಟ್ಟುವ ಪ್ರಾಣಿ. ಪಳಗಿಸಿದ ಬೀವರುಗಳಿಗೆ ಬಹಳ ಖರ್ಚು ಎಂದರು ವಾಹಿನಿಯವರು. ಯಂತ್ರದ ಬೀವರ್ ಆಗಬಹುದೇ ಎಂದು ನೋಡಿದರೆ ಅದಕ್ಕೂ ಖರ್ಚು. ಹಾಗಾದರೆ ಕಾರ್ಟೂನೇ ಮಾಡೋಣ ಎಂಬ ಸಲಹೆ ಕಡೆಗೆ ಬಂತು, ಅಂದರೆ ಹಿಳ್ಳು ತಿರುಗಿ ತಾಯಿಯ ಹೊಟ್ಟೆಗೇ ಹೊರಟಿತು. ಮಾತು ಅಲ್ಲಿಗೆ ನಿಂತಿತು.

ಈ ಪ್ರಕರಣವನ್ನು ರಿಪ್ಪನ್‌ಪೇಟೆಯಲ್ಲಿ ನಿಂತು ನೋಡಿದವರಿಗೆ ಪರಿಹಾರ ಕೂಡಲೇ ಹೊಳೆಯುತ್ತದೆ. ಈ ಸೀಮೆಯಲ್ಲಿ ಮನೆಯ ಕಂಬ ತಿನ್ನುವ ಕೆಲಸವನ್ನು ಗೆದ್ದಲು ಸಂಬಳವಿಲ್ಲದೆ ಮಾಡುತ್ತದೆ. ಪಳಗಿಸಬೇಕಿಲ್ಲ, ಯಂತ್ರ ಬೇಕಿಲ್ಲ, ರಜೆ ಕೇಳುವುದಿಲ್ಲ, ಮಳೆಗಾಲದಲ್ಲೂ ಬರುತ್ತದೆ. ಒಂದೇ ತೊಡಕು: ಬೀವರ್ ಕಡಿಯುವುದು ಕಣ್ಣಿಗೆ ಕಾಣುತ್ತದೆ, ಗೆದ್ದಲು ತಿನ್ನುವುದು ಮನೆ ಕುಸಿದ ಮೇಲೆ ಗೊತ್ತಾಗುತ್ತದೆ. ಇಪ್ಪತ್ತೆರಡು ನಿಮಿಷದ ಕಂತಿಗೆ ಅದು ಹೊಂದುವುದಿಲ್ಲ. ಒಡ್ಡು ಕಟ್ಟುವ ಬೀವರಿನ ಇನ್ನೊಂದು ಕೆಲಸವನ್ನೂ ಇಲ್ಲಿ ಮನುಷ್ಯರೇ ಮಾಡಿ ಮುಗಿಸಿದ್ದಾರೆ. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಬಂತು. ಸಾಗರ, ಹೊಸನಗರ ತಾಲೂಕುಗಳ ಊರೂರೇ ಮುಳುಗಿತು. ಕಂಬ ಕಡಿದರೆ ನಗು ಬರುತ್ತದೆ, ಕಂಬದ ಸಮೇತ ಮನೆ ಮುಳುಗಿದರೆ ಬರುವುದಿಲ್ಲ. ಹಾಸ್ಯ ಸರಣಿಗೆ ಈ ವಸ್ತು ಒದಗದಿರಲು ಕಾರಣ ಇಷ್ಟೇ.

ಕನ್ನಡಕ್ಕೆ ಹಿಳ್ಳು ಹೊಸದು, ಹೊರಗಿನಿಂದ ಬಂದದ್ದು ಎಂಬ ಇನ್ನೊಂದು ಪೂರ್ವಪಕ್ಷವಿದೆ. ಇದು ಪೂರ್ತಿ ತಪ್ಪು. ಪಂಪ 941ರಲ್ಲಿ ‘ವಿಕ್ರಮಾರ್ಜುನ ವಿಜಯ’ ಬರೆದ. ಅದರ ಹದಿಮೂರನೆಯ ಆಶ್ವಾಸದಲ್ಲಿ ಗದಾಯುದ್ಧ ಬರುತ್ತದೆ. ಆ ಒಂದು ತುಂಡನ್ನು ಎತ್ತಿಕೊಂಡು, ಭೀಮನನ್ನು ನಾಯಕನನ್ನಾಗಿ ಮಾಡಿ, ಹಿಂದಿನ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಿಂದ ತುಂಬಿ ರನ್ನ ‘ಗದಾಯುದ್ಧ’ ಕಟ್ಟಿದ. ಲಕ್ಷಣ ಪ್ರಕಾರ ಇದು ನಿರ್ದೋಷವಾದ ಹಿಳ್ಳು. ಸಾವಿರ ವರ್ಷದ ಮೇಲೆ, 2008ರಲ್ಲಿ, ಹೈದರಾಬಾದಿನ ರಾಜೀವ್ ಚಿಲಕ ಅವರ ಸಂಸ್ಥೆ ‘ಛೋಟಾ ಭೀಮ್’ ಎಂಬ ಹುಡುಗನನ್ನು ಪೋಗೊ ವಾಹಿನಿಗೆ ತಂದಿತು. ಅದರ ಬುಡದಲ್ಲಿ ‘ಮೈಟಿ ರಾಜು’ ಎದ್ದ, ಬಾಲಿಯ ರಾಜಕುಮಾರ ಅರ್ಜುನ ಎದ್ದ, 2019ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಮಾತೇ ಬಾರದ ಅಂಬೆಗಾಲಿನ ಭೀಮನೂ ಎದ್ದ. ರನ್ನನ ಭೀಮ ತೊಡೆ ಮುರಿಯುವವನು, ಪೋಗೊ ಭೀಮ ಲಾಡು ತಿನ್ನುವವನು, ನೆಟ್‌ಫ್ಲಿಕ್ಸ್ ಭೀಮ ತೆವಳುವವನು. ವಯಸ್ಸು ಇಳಿಯುತ್ತಿರುವ ಈ ಗತಿಯನ್ನು ನೋಡಿದರೆ ಮುಂದಿನ ಹಿಳ್ಳು ತಾಯಿಯ ಗರ್ಭದಲ್ಲೇ ನಡೆಯಬೇಕು. ಆದರೆ ಆ ಜಾಗ ಅಭಿಮನ್ಯುವಿಗೆ ಮೊದಲೇ ಮೀಸಲಾಗಿದೆ.

ಯಕ್ಷಗಾನವಂತೂ ಹಿಳ್ಳುಗಳ ತೋಟವೇ. ಸುಧನ್ವ, ಬಭ್ರುವಾಹನ ಇವರೆಲ್ಲ ಜೈಮಿನಿ ಭಾರತದಲ್ಲಿ ಬಂದು ಹೋಗುವವರು. ರಂಗಸ್ಥಳದಲ್ಲಿ ಒಬ್ಬೊಬ್ಬನಿಗೂ ಇಡೀ ರಾತ್ರಿ ಸಿಗುತ್ತದೆ.

ಇನ್ನು ಅತ್ಯಂತಾಭಾವ, ಅಂದರೆ ಮೂರು ಕಾಲಕ್ಕೂ ಇಲ್ಲದಿರುವುದು. ಮೊಲದ ಕೊಂಬು ಹಳೆಯ ಉದಾಹರಣೆ. ಹೊಸದು: ಹೊಸನಗರ ತಾಲೂಕಿನಲ್ಲಿ ಡೋರಾ. ಅಮೆರಿಕದಲ್ಲಿ 2000ದಲ್ಲಿ ಶುರುವಾದ ಈ ಹುಡುಗಿ ಬೆನ್ನಿಗೊಂದು ಚೀಲ, ಕೈಗೊಂದು ನಕ್ಷೆ, ಜೊತೆಗೊಂದು ಮಂಗ ಇಟ್ಟುಕೊಂಡು ದಾರಿ ಹುಡುಕುತ್ತಾಳೆ. ಅವಳು ಕನ್ನಡ ಮಾತಾಡಿದ್ದು 2009ರಲ್ಲಿ ಆರಂಭವಾದ ಚಿಂಟು ಟಿವಿಯಲ್ಲಿ. ಆ ಹೊತ್ತಿಗೆ ಬೇರೆ ಭಾಷೆಯ ಸಿನಿಮಾದ ಮನುಷ್ಯರು ಕನ್ನಡ ಮಾತಾಡುವ ಹಾಗಿರಲಿಲ್ಲ. ಡಬ್ಬಿಂಗಿಗೆ ದಶಕಗಳ ಅಘೋಷಿತ ತಡೆಯಿತ್ತು. ಸ್ಪರ್ಧಾ ಆಯೋಗ 2015ರಲ್ಲಿ ಅದರ ವಿರುದ್ಧ ಆದೇಶ ಕೊಟ್ಟು, 2017ರಲ್ಲಿ ಡಬ್ಬಿಂಗ್ ಸಿನಿಮಾ ‘ಸತ್ಯದೇವ್ ಐಪಿಎಸ್’ ತೆರೆಗೆ ಬರುವವರೆಗೂ ಅದು ನಡೆಯಿತು. ಮನುಷ್ಯರಿಗಿಲ್ಲದ ಅನುಮತಿ ಕಾರ್ಟೂನಿನ ನರಿಗೂ ಮಂಗಕ್ಕೂ ಎಂಟು ವರ್ಷ ಮೊದಲೇ ಸಿಕ್ಕಿತ್ತು ಎಂಬುದನ್ನು ಭಾಷಾಶಾಸ್ತ್ರಜ್ಞರು ಗಮನಿಸಬೇಕು.

ಭಾಷೆ ದಕ್ಕಿದರೂ ಹಿಳ್ಳು ಏಕೆ ಏಳದು? ಡೋರಾ ಒಂದೊಂದು ಪ್ರಶ್ನೆ ಕೇಳಿ, ಕಣ್ಣು ಪಿಳಿಪಿಳಿ ಮಾಡುತ್ತ ಉತ್ತರಕ್ಕೆ ಕಾಯುತ್ತಾಳೆ. ರಿಪ್ಪನ್‌ಪೇಟೆಯ ವೃತ್ತದಲ್ಲಿ ನಿಂತು ಅವಳು ಹತ್ತಿರದ ಹುಂಚಕ್ಕೆ ದಾರಿ ಯಾವುದು ಎಂದಳು ಎನ್ನೋಣ. ಈ ಸೀಮೆಯಲ್ಲಿ ದಾರಿ ಕೇಳಿದವರಿಗೆ ಮೊದಲು ಸಿಗುವುದು ಪ್ರಶ್ನೆ. “ಹೋಯ್, ಯಾರ ಮನೆ ಕೂಸೇ ನೀನು?” “ಒಬ್ಳೇ ಹೊರಟಿದ್ದೆಂತಕ್ಕೆ?” “ಅಪ್ಪಯ್ಯ ಎಂತ ಮಾಡ್ತ್ರು, ತೋಟ ಉಂಟಾ?” “ಬಿಸಿಲು ಮಾರಾಯ್ತಿ, ಆಸ್ರಿಗೆ ಕುಡ್ಕಂಡು ಹೋಗು.” ಮಜ್ಜಿಗೆಯೋ ಪಾನಕವೋ ಬರುವಷ್ಟರಲ್ಲಿ ಕಂತು ಮುಗಿದಿರುತ್ತದೆ. ನಕ್ಷೆಗೆ ಬಾಯಿ ತೆರೆಯಲು ಅವಕಾಶವೇ ಇಲ್ಲ.

ಮಂಗನ ತೊಡಕು ಇದಕ್ಕಿಂತ ದೊಡ್ಡದು. ಬೂಟ್ಸ್ ಎಂಬ ಆ ಮಂಗ ಕೆಂಪು ಬೂಟು ಹಾಕಿಕೊಂಡು ಎಷ್ಟೇ ಮುದ್ದಾಗಿ ಕುಣಿದರೂ, ಬಾಳೆಗೊನೆ, ಏಲಕ್ಕಿ, ಎಳನೀರು ಕಳೆದುಕೊಂಡ ತೋಟದವರಿಗೆ ಅವನು ಕಥಾನಾಯಕನಾಗಲಾರ. ಛೋಟಾ ಭೀಮನ ಗೆಳೆಯ ಜಗ್ಗು ಎಂಬ ಮಂಗಕ್ಕೂ ಇದೇ ಗತಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾದ ಮೇಲೆ ಈ ಜಿಲ್ಲೆಯಲ್ಲಿ ಮಂಗ ಎಂದರೆ ಬರೀ ತಮಾಷೆಯಲ್ಲ. ಹೊಸನಗರ ತಾಲೂಕಿನಲ್ಲಿ ಮಂಕಿ ಪಾರ್ಕ್ ಮಾಡಿ ಮಂಗಗಳನ್ನೆಲ್ಲ ಅಲ್ಲಿಗೆ ಸಾಗಿಸುವ ಪ್ರಸ್ತಾಪ 2019ರಲ್ಲಿ ಬಂದಿತ್ತು. ಅದೂ ಪ್ರಸ್ತಾಪವಾಗಿಯೇ ಉಳಿಯಿತು. ಮಂಗಗಳು ಇದ್ದಲ್ಲೇ ಇವೆ, ಬೂಟಿಲ್ಲದೆ.

ಅನ್ಯೋನ್ಯಾಭಾವಕ್ಕೆ ರಿಪ್ಪನ್‌ಪೇಟೆಯಿಂದ ದೂರ ಹೋಗಬೇಕಿಲ್ಲ. ಪಕ್ಕದ ಅರಸಾಳು ರೈಲು ನಿಲ್ದಾಣ ಸಾಕು. ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಹಾಗೆಯೇ ಅರಸಾಳು ಮಾಲ್ಗುಡಿಯಲ್ಲ, ಮಾಲ್ಗುಡಿ ಅರಸಾಳಲ್ಲ. ಆದರೂ ಶಂಕರ್ ನಾಗ್ ದೂರದರ್ಶನಕ್ಕೆ ‘ಮಾಲ್ಗುಡಿ ಡೇಸ್’ ತೆಗೆದಾಗ ಊರು ಆಗುಂಬೆಯದಾಯಿತು, ರೈಲು ನಿಲ್ದಾಣ ಅರಸಾಳಿನದಾಯಿತು. ಧಾರಾವಾಹಿ ಬಂದದ್ದು 1986ರಲ್ಲಿ. ಪ್ರತಿ ಕಂತಿನ ಮೊದಲಿಗೆ, ಎಲ್. ವೈದ್ಯನಾಥನ್ ಅವರ ರಾಗದ ಜೊತೆ, ಆರ್.ಕೆ. ಲಕ್ಷ್ಮಣ್ ಬರೆದ ರೇಖಾಚಿತ್ರಗಳು ಕಾಣುತ್ತಿದ್ದವು. ಕಥೆಗಾರ ಆರ್.ಕೆ. ನಾರಾಯಣರು ಬರೆದ ಕಾಲ್ಪನಿಕ ಊರಾದ ಮಾಲ್ಗುಡಿಗೆ ಅವರ ತಮ್ಮನೇ ಗೆರೆ ಕೊಟ್ಟಿದ್ದ. ಶೀರ್ಷಿಕೆ ಮುಗಿದೊಡನೆ ಗೆರೆಯವರು ಹಿಂದೆ ಸರಿದು ಮೈಯುಳ್ಳವರು ಬರುತ್ತಿದ್ದರು. ಮೈಯುಳ್ಳವರಿಗೆ ಹಿಳ್ಳು ಎದ್ದಿತು: 2006ರಲ್ಲಿ ಕವಿತಾ ಲಂಕೇಶ್ ಹದಿನೈದು ಹೊಸ ಕಂತು ಮಾಡಿದರು. ಹಳೆಯ ನಿಲ್ದಾಣದ ಕಟ್ಟಡಕ್ಕೂ ಎದ್ದಿತು: 2020ರಲ್ಲಿ ಅದು ಮಾಲ್ಗುಡಿ ವಸ್ತುಸಂಗ್ರಹಾಲಯವಾಯಿತು. ಗೆರೆಯವರು ಮಾತ್ರ ಆ ಧಾರಾವಾಹಿಯ ಶೀರ್ಷಿಕೆ ದಾಟಲಿಲ್ಲ. ಈ ಶಾಸ್ತ್ರ ಪರಿಶೀಲಿಸಿದ ಅಭಾವಗಳಲ್ಲೆಲ್ಲ ನಿಜವಾಗಿ ನಷ್ಟ ಎನಿಸುವುದು ಇದೊಂದೇ.

ಪ್ರಾಗಭಾವವನ್ನು, ಅಂದರೆ ಹುಟ್ಟುವ ಮೊದಲಿನ ಇಲ್ಲದಿರುವಿಕೆಯನ್ನು, ಬೇಗ ಮುಗಿಸಬಹುದು, ಏಕೆಂದರೆ ಅದಕ್ಕೆ ಅಂತ್ಯ ಉಂಟು. ಬೆಂಗಳೂರಿನ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಅನಿಮೇಷನ್ ಚಿತ್ರ 2025ರ ಜುಲೈಯಲ್ಲಿ ಬಂತು. ಟಿವಿಯದಲ್ಲವಾದರೂ ಅದರ ಹಿಳ್ಳುಗಳಿಗೆ ಮುಂಗಡವಾಗಿಯೇ ವರ್ಷ ಗೊತ್ತುಮಾಡಿದ್ದಾರೆ: ಪರಶುರಾಮ 2027, ರಘುನಂದನ 2029, ಹೀಗೆ ಹೋಗಿ ಕಲ್ಕಿಯ ಎರಡನೆಯ ಭಾಗ 2037. ಅಡಿಕೆ ಸಸಿ ನೆಟ್ಟು ಆರೇಳು ವರ್ಷ ಫಸಲಿಗೆ ಕಾಯುವ ಸೀಮೆಗೆ ಈ ಲೆಕ್ಕ ಗಾಬರಿ ಹುಟ್ಟಿಸುವುದಿಲ್ಲ. ಪರಶುರಾಮ ಕೊಡಲಿ ತೊಳೆದದ್ದು ತೀರ್ಥಹಳ್ಳಿಯ ತುಂಗೆಯಲ್ಲಿ ಎಂಬ ಐತಿಹ್ಯವೂ ಇದೆ. ಚಿತ್ರದವರು ಬರುವುದಾದರೆ ರಿಪ್ಪನ್‌ಪೇಟೆಯಿಂದ ಬಸ್ ಇದೆ.

ನೈಯಾಯಿಕರ ಪಟ್ಟಿಗೆ ಸಿಗದ ಐದನೆಯ ಅಭಾವವೊಂದಿದೆ. ಮಲೆನಾಡಿನಲ್ಲೇ ಹುಟ್ಟಿದ ಅದನ್ನು ಕರೆಂಟಾಭಾವ ಎನ್ನಬಹುದು. ಜಪಾನಿನಲ್ಲಿ 1989ರಲ್ಲಿ ತಯಾರಾದ ‘ಜಂಗಲ್ ಬುಕ್’ ಕಾರ್ಟೂನ್ 1993ರಲ್ಲಿ ಹಿಂದಿಯಾಗಿ ದೂರದರ್ಶನಕ್ಕೆ ಬಂತು. ಹಾಡು ಗುಲ್ಜಾರರದು, ಶೇರ್ ಖಾನನ ದನಿ ನಾನಾ ಪಾಟೇಕರರದು, ಸಮಯ ಭಾನುವಾರ ಬೆಳಿಗ್ಗೆ. ಟಿವಿ ಇದ್ದ ಮನೆಯ ಜಗುಲಿಯಲ್ಲಿ ಟಿವಿ ಇಲ್ಲದ ಮನೆಗಳ ಮಕ್ಕಳೆಲ್ಲ ಕೂರುತ್ತಿದ್ದರು. ಒಬ್ಬ ಅಂಗಳದಲ್ಲಿ ಆಂಟೆನಾದ ಗಳ ತಿರುಗಿಸುತ್ತ “ಬಂತಾ?” ಎನ್ನಬೇಕು, ಒಳಗಿನವರು “ಬಂತು, ಬಂತು... ಹೋಯ್ತು!” ಎನ್ನಬೇಕು. ಗಳ ಹಿಡಿದವನಿಗೆ ಕಾರ್ಟೂನ್ ಕಾಣುತ್ತಿರಲಿಲ್ಲ. ಅವನು ಕೇಳಿದ್ದರಿಂದಲೇ ಒಂದು ಕಥೆ ಕಟ್ಟಿಕೊಳ್ಳುತ್ತಿದ್ದ. ಕಂಡವರಿಗೆ ಹಿಂದಿ ಬಾರದು. ಅವರು ನೋಡಿದ್ದರಿಂದ ಇನ್ನೊಂದು ಕಟ್ಟಿಕೊಳ್ಳುತ್ತಿದ್ದರು. ಹುಲಿ ಶೇರ್ ಖಾನ್ ಹುಡುಗ ಮೊಗ್ಲಿಯ ಮೇಲೆ ಹಾರುವ ಹೊತ್ತಿಗೆ ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುತ್ತಿತ್ತು. 1,035 ಮೆಗಾವಾಟಿನ ಶರಾವತಿ ವಿದ್ಯುದಾಗಾರಕ್ಕೆ ನೀರು ಕೂಡಿಟ್ಟ ಸೀಮೆಯಲ್ಲೇ ಇದು ನಡೆಯುತ್ತಿತ್ತು ಎಂಬುದು ಪ್ರಕೃತಕ್ಕೆ ಹೊರಗು.

ಮೂಲ ಸರಣಿ ಎಲ್ಲಿ ನಿಲ್ಲುತ್ತಿತ್ತೋ ಅಲ್ಲಿ ಹಿಳ್ಳು ಒಡೆಯುತ್ತಿತ್ತು. ಹಾರಿದ ಹುಲಿ ಎಲ್ಲಿಗೆ ಬಿತ್ತು? ಒಬ್ಬನ ಪ್ರಕಾರ ಕೆಸರುಗದ್ದೆಗೆ, ಇನ್ನೊಬ್ಬಳ ಪ್ರಕಾರ ಗೊಬ್ಬರದ ಗುಂಡಿಗೆ. ಬಾಲೂ ಕರಡಿ ಹಲಸಿನ ಹಣ್ಣು ಹೊತ್ತು ತಂದಿತು, ಕರಿಚಿರತೆ ಬಘೀರನಿಗೆ ಉಂಬಳ ಕಚ್ಚಿತು, ಮೊಗ್ಲಿಗೆ ಸೋಮವಾರ ಶಾಲೆಗೆ ಹೋಗಬೇಕಾಗಿ ಬಂತು. ಇದಕ್ಕೆ ವಾಹಿನಿ ಬೇಡ, ಪಳಗಿಸಿದ ಪ್ರಾಣಿ ಬೇಡ, ಯಾರ ಒಪ್ಪಿಗೆಯೂ ಬೇಡ. ಕರೆಂಟು ಬಂದರೆ ಮಾತ್ರ ಎಲ್ಲ ಕೆಡುತ್ತಿತ್ತು. ಅಷ್ಟರಲ್ಲಿ ತೆರೆಯ ಮೇಲೆ ವಾರ್ತೆಯೋ ಕೃಷಿಯ ಮಾತೋ ನಡೆಯುತ್ತಿತ್ತು, ಹುಲಿ ನಿಜಕ್ಕೂ ಎಲ್ಲಿ ಬಿತ್ತೆಂದು ಹೇಳುವವರೇ ಇರುತ್ತಿರಲಿಲ್ಲ.

ಈ ಜಗುಲಿ ಹಿಳ್ಳುಗಳನ್ನು ಯಾವ ಅಭಾವಕ್ಕೆ ಸೇರಿಸಬೇಕೆಂಬುದು ವಿವಾದದ ವಿಷಯ. ತಯಾರಾಗಲಿಲ್ಲ ಎನ್ನುವಂತಿಲ್ಲ, ತಯಾರಾದವು ಎನ್ನಲು ಪುರಾವೆ ಇಲ್ಲ. ಆಗ ಜಗುಲಿಯಲ್ಲಿ ಕೂತಿದ್ದವರಿಗೆ ಈಗ ನಲವತ್ತು ದಾಟಿದೆ. ಅವರಲ್ಲಿ ಯಾರಿಗಾದರೂ ಹುಲಿ ಬಿದ್ದ ಜಾಗ ನೆನಪಿದ್ದರೆ ಒಂದು ಹಾಳೆಯಲ್ಲಿ ಬರೆದು, ತಾರೀಕು ಹಾಕಿ, ಕಬ್ಬಿಣದ ಪೆಟ್ಟಿಗೆಯಲ್ಲಿ ಇಡುವುದು. ಮರದ ಪೆಟ್ಟಿಗೆಯಾದರೆ ಗೆದ್ದಲು ಬಿಡುವುದಿಲ್ಲ.